ಗರ್ಭಿಣಿಯ ಮನೆಯಲ್ಲಿ ಬೆಕ್ಕು: ಕರುಣೆಯೂ ಬೇಕು, ಶುದ್ಧಿಯೂ ಬೇಕು

ಇಸ್ಲಾಮಿನಲ್ಲಿ ಬೆಕ್ಕಿಗಿರುವ ಸ್ಥಾನವನ್ನು ತಿಳಿಯದ ಮುಸ್ಲಿಮ್ ಮನೆ ವಿರಳ. ಸಾವಿರಾರು ಹದೀಸ್‌ಗಳನ್ನು ಸಮುದಾಯಕ್ಕೆ ತಲುಪಿಸಿದ ಸಹಾಬಿಯನ್ನು ಲೋಕವು ಇಂದಿಗೂ ಗುರುತಿಸುವುದು ಅಬೂ ಹುರೈರಾ(ರ), ಅಂದರೆ ‘ಬೆಕ್ಕಿನ ಮರಿಯವರು’ ಎಂಬ ಹೆಸರಿನಿಂದಲೇ. ಆದರೆ ಅದೇ ಮನೆಯಲ್ಲಿ ಸೊಸೆಯೋ ಮಗಳೋ ಗರ್ಭಿಣಿಯಾದ ಸುದ್ದಿ ಬಂದೊಡನೆ ಆ ಬೆಕ್ಕು ಅಪರಾಧಿಯಾಗಿಬಿಡುತ್ತದೆ. ‘ಅದರ ಕೂದಲು ಹೊಟ್ಟೆಗೆ ಹೋದರೆ ಏನು ಗತಿ?’, ‘ಮಗುವಿನ ಉಸಿರು ಹೀರುತ್ತದಂತೆ’ ಎಂಬ ಮಾತುಗಳು ಏಳುತ್ತವೆ. ಕೊನೆಗೆ ಯಾರೋ ಒಬ್ಬರು ಗೋಣಿಚೀಲ ತರುತ್ತಾರೆ.

ನಾವು ಪಾಠ ಹೇಳುವ ದಾವಣಗೆರೆಯಲ್ಲಿ ಈ ಪ್ರಶ್ನೆ ಮತ್ತೆ ಮತ್ತೆ ನಮ್ಮ ಮುಂದೆ ಬರುತ್ತದೆ. ಆಜಾದ್ ನಗರ, ಬಾಷಾ ನಗರಗಳ ಓಣಿಗಳಲ್ಲಿ ಬೆಕ್ಕು ಓಡಾಡದ ಮನೆ ಕಡಿಮೆ. ಮಂಡಕ್ಕಿ ಭಟ್ಟಿಗಳಿರುವ ಕಡೆ ಭತ್ತಕ್ಕೂ ಅಕ್ಕಿಗೂ ಇಲಿ ಬರುತ್ತದೆ. ಇಲಿಯ ಬೆನ್ನಿಗೆ ಬೆಕ್ಕು ಬರುತ್ತದೆ. ನಮ್ಮ ಮನೆಗಳೋ ಚಿಕ್ಕವು, ಗೋಡೆಗೆ ಗೋಡೆ ತಾಗಿದವು. ಮಕ್ಕಳನ್ನು ಮಲಗಿಸುವ ನೆಲದ ಮೇಲೆಯೇ ದಸ್ತರಖಾನ್ ಹಾಸುತ್ತೇವೆ, ಅಲ್ಲಿಯೇ ನಮಾಝ್‌ಗೂ ನಿಲ್ಲುತ್ತೇವೆ. ಇಂತಹ ಮನೆಯಲ್ಲಿ ತಾಯಂದಿರಿಗೆ ಭಯವಾಗುವುದು ಸಹಜ. ಆ ಭಯವನ್ನು ನಗೆಯಾಡಿ ತಳ್ಳಿಹಾಕುವುದು ಸರಿಯಲ್ಲ. ಅಪಾಯ ಎಲ್ಲಿದೆ, ಎಲ್ಲಿಲ್ಲ ಎಂಬುದನ್ನು ಬಿಡಿಸಿ ತಿಳಿಯುವುದೇ ಸರಿಯಾದ ಮಾರ್ಗ.

ಹರಿಹರಕ್ಕೆ ಮದುವೆ ಮಾಡಿಕೊಟ್ಟ ನಮ್ಮ ತಂಗಿಯ ಮಗಳ ಮೊದಲ ಗರ್ಭವು ಮೂರನೆಯ ತಿಂಗಳಲ್ಲಿ ಇಳಿದುಹೋಯಿತು. ಆ ಮನೆಯಲ್ಲಿ ಒಂದು ಬೆಕ್ಕಿತ್ತು. ಪತ್ನಿಯನ್ನು ಕಳೆದುಕೊಂಡ ಮೇಲೆ ಅವಳ ಮಾವನವರು ಸಾಕಿದ ಬೆಕ್ಕು ಅದು. ಫಜ್ರ್ ನಮಾಝ್ ಮುಗಿಸಿ ಬಂದವರು ಮೊದಲು ಅದರ ಬಟ್ಟಲು ತುಂಬಿಸಿ, ಆ ಬಳಿಕವೇ ತಮ್ಮ ಚಹಾ ಕುಡಿಯುತ್ತಿದ್ದರು. ಗರ್ಭ ನಿಲ್ಲದ್ದಕ್ಕೆ ಆ ಬೆಕ್ಕೇ ಕಾರಣವೆಂದು ಓಣಿಯ ಹೆಂಗಸರು ತೀರ್ಪು ಕೊಟ್ಟರು. ಮರುವರ್ಷ ಹುಡುಗಿ ಮತ್ತೆ ಗರ್ಭಿಣಿಯಾದಾಗ ನಮ್ಮ ತಂಗಿ ಹಟ ಹಿಡಿದಳು: ಆ ಮನೆಯಲ್ಲಿ ಬೆಕ್ಕಿರಬೇಕು, ಇಲ್ಲವೇ ತನ್ನ ಮಗಳಿರಬೇಕು. ತುಂಗಭದ್ರೆಯ ಸೇತುವೆ ದಾಟಿಸಿ ಕುಮಾರಪಟ್ಟಣದ ಕಡೆ ಬಿಟ್ಟುಬರುತ್ತೇನೆಂದು ನೆಂಟರೊಬ್ಬರು ಮುಂದೆ ಬಂದರು. ಮಾವನವರು, “ಬರುವ ಮಗುವಿಗಿಂತ ಬೆಕ್ಕು ದೊಡ್ಡದಲ್ಲ, ಒಯ್ಯಿರಿ” ಎಂದಷ್ಟೇ ಹೇಳಿ ಒಳಗೆ ಹೋದರಂತೆ.

ಅಂದು ರಾತ್ರಿ ಹುಡುಗಿ ನಮಗೆ ಫೋನ್ ಮಾಡಿದಳು. ಅವಳ ಪ್ರಶ್ನೆ ಬೇರೆಯೇ ಇತ್ತು. “ಮಾಮೂ, ಹೋದ ಮಗು ನನ್ನಿಂದಲೇ ಹೋಯಿತೇ? ದಿನವೂ ಅದನ್ನು ಮಡಿಲಲ್ಲಿ ಮಲಗಿಸಿಕೊಳ್ಳುತ್ತಿದ್ದವಳು ನಾನೇ ಅಲ್ಲವೇ?” ಎಂದು ಅತ್ತಳು. ಬೆಕ್ಕಿನ ಮೇಲೆ ಹೊರಿಸಿದ ದೋಷ ಕೊನೆಗೆ ಬಂದು ಬಿದ್ದದ್ದು ಆ ಎಳೆಯ ತಾಯಿಯ ಎದೆಯ ಮೇಲೆ. ಎರಡು ದಿನ ಯಾರೂ ಏನೂ ಮಾಡಬಾರದು, ಮೊದಲು ವೈದ್ಯರನ್ನು ಕೇಳೋಣ ಎಂದು ನಾವು ಎರಡೂ ಮನೆಗಳಿಗೆ ಹೇಳಿದೆವು. ತಿಳಿಯದಿದ್ದರೆ ತಿಳಿದವರಲ್ಲಿ ಕೇಳಬೇಕೆಂಬುದು ಕುರ್‌ಆನ್ ಕಲಿಸುವ ಶಿಸ್ತು. ಧರ್ಮದ ವಿಷಯಕ್ಕೆ ಆಲಿಮರಿರುವಂತೆ ಗರ್ಭದ ವಿಷಯಕ್ಕೆ ವೈದ್ಯರಿದ್ದಾರೆ.

ದಾವಣಗೆರೆಯ ವೈದ್ಯೆಯೊಬ್ಬರು ತಾಳ್ಮೆಯಿಂದ ಎಲ್ಲವನ್ನೂ ಕೇಳಿ, ಮೊದಲು ಹುಡುಗಿಯ ಕಣ್ಣೀರಿಗೆ ಉತ್ತರ ಕೊಟ್ಟರು. ಆರಂಭದ ತಿಂಗಳುಗಳಲ್ಲಿ ಆಗುವ ಗರ್ಭಪಾತಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಭ್ರೂಣದ ವರ್ಣತಂತುಗಳಲ್ಲಿನ ದೋಷವೇ ಕಾರಣ. ಅದು ತಾಯಿ ಮಾಡಿದ ಅಥವಾ ಮಾಡದ ಯಾವ ಕೆಲಸದಿಂದಲೂ ಆಗುವುದಲ್ಲ ಎಂದು ವಿವರಿಸಿದರು. ನಂತರ ಬೆಕ್ಕಿನಿಂದ ಬರಬಹುದಾದ ‘ಟಾಕ್ಸೊಪ್ಲಾಸ್ಮಾ’ ಎಂಬ ಸೋಂಕಿಗಾಗಿ ರಕ್ತ ಪರೀಕ್ಷೆ ಮಾಡಿಸಿದರು. ಆ ಸೋಂಕು ಒಮ್ಮೆ ತಗುಲಿದವರ ರಕ್ತದಲ್ಲಿ ಅದರ ಗುರುತು ಉಳಿದಿರುತ್ತದೆ. ಹುಡುಗಿಯ ರಕ್ತದಲ್ಲಿ ಅಂತಹ ಗುರುತೇ ಇರಲಿಲ್ಲ. ವರ್ಷಗಟ್ಟಲೆ ಬೆಕ್ಕನ್ನು ಮಡಿಲಲ್ಲಿಟ್ಟುಕೊಂಡವಳಿಗೆ ಆ ಸೋಂಕು ಎಂದೂ ಬಂದಿರಲಿಲ್ಲ. ಆದ್ದರಿಂದ ಹೋದ ಮಗು ಆ ರೋಗದಿಂದ ಹೋದದ್ದಲ್ಲವೆಂಬುದು ಖಚಿತವಾಯಿತು. ಆದರೆ ವೈದ್ಯೆ ಇನ್ನೊಂದು ಮಾತನ್ನೂ ಸೇರಿಸಿದರು: ಎಂದೂ ಬಾರದವರಿಗೆ ಈಗ ಬರಬಹುದು. ಆದ್ದರಿಂದ ಈ ಒಂಬತ್ತು ತಿಂಗಳು ಎಚ್ಚರ ಬೇಕು.

ಈ ಎಚ್ಚರ ಏನೆಂದು ಹೇಳುವ ಮೊದಲು ಧರ್ಮದ ಮಾತನ್ನು ನೋಡೋಣ. ಅಬೂ ಕತಾದ(ರ)ರ ಸೊಸೆ ಕಬ್ಶ ಅವರು ಮಾವನಿಗೆ ವುಝೂಗಾಗಿ ನೀರು ತಂದಿಟ್ಟಾಗ ಬೆಕ್ಕೊಂದು ಬಂದು ಆ ನೀರಿಗೆ ಬಾಯಿಟ್ಟಿತು. ಅಬೂ ಕತಾದ(ರ)ರು ಅದು ಕುಡಿಯಲು ಅನುಕೂಲವಾಗುವಂತೆ ಪಾತ್ರೆಯನ್ನು ಓರೆಯಾಗಿ ಹಿಡಿದರು. ಸೊಸೆ ಅಚ್ಚರಿಯಿಂದ ನೋಡಿದಾಗ, ಬೆಕ್ಕು ಅಶುದ್ಧವಲ್ಲ, ಅದು ನಿಮ್ಮ ಸುತ್ತಮುತ್ತ ಸುಳಿದಾಡುವ ಜೀವಿಗಳಲ್ಲೊಂದು ಎಂದು ಪ್ರವಾದಿ(ಸ) ತಿಳಿಸಿದ್ದನ್ನು ಹೇಳಿದರು. ಅಬೂದಾವೂದ್, ತಿರ್ಮಿದಿ ಮೊದಲಾದ ಸಂಗ್ರಹಗಳಲ್ಲಿ ಇದು ವರದಿಯಾಗಿದೆ. ಬೆಕ್ಕನ್ನು ಕಟ್ಟಿಹಾಕಿ, ಅನ್ನವನ್ನೂ ಕೊಡದೆ, ತಾನೇ ಹುಡುಕಿ ತಿನ್ನಲೂ ಬಿಡದೆ ಸಾಯಿಸಿದ ಸ್ತ್ರೀಯು ಶಿಕ್ಷೆಗೊಳಗಾದ ಹದೀಸ್ ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಇದೆ. ಮನೆಯ ಬಟ್ಟಲನ್ನೇ ನಂಬಿ ಬೆಳೆದ ಪ್ರಾಣಿಯನ್ನು ಚೀಲದಲ್ಲಿ ತುಂಬಿ ಗುರುತಿಲ್ಲದ ಹೊಳೆದಂಡೆಗೆ ಎಸೆದು ಬರುವುದು ಆ ಸ್ತ್ರೀಯ ಕೃತ್ಯಕ್ಕಿಂತ ಎಷ್ಟು ದೂರವೆಂದು ನಾವೇ ಯೋಚಿಸಬೇಕು. ಬೆಕ್ಕಿನಿಂದ ಅಪಶಕುನವಾಯಿತೆನ್ನುವ ನಂಬಿಕೆಯಂತೂ ನಮ್ಮದಲ್ಲವೇ ಅಲ್ಲ. ಶಕುನ ನೋಡುವುದನ್ನು ಪ್ರವಾದಿ(ಸ) ಸ್ಪಷ್ಟವಾಗಿ ನಿರಾಕರಿಸಿದ್ದಾರೆ.

ಇಷ್ಟು ಮಾತ್ರ ಹೇಳಿ ನಿಲ್ಲಿಸಿದರೆ ಅರ್ಧ ಧರ್ಮ ಹೇಳಿದಂತೆ. ಬೆಕ್ಕು ಅಶುದ್ಧವಲ್ಲವೆಂದರೆ ಅದರ ಮಲಮೂತ್ರ ಶುದ್ಧವೆಂದು ಅರ್ಥವಲ್ಲ. ಅದು ನಜಸ್, ಬಟ್ಟೆಗೆ, ನಮಾಝಿನ ಜಾಗಕ್ಕೆ ತಾಗಿದರೆ ತೊಳೆಯಲೇಬೇಕು. ಬೇರೆ ನೀರಿರುವಾಗ ಬೆಕ್ಕು ಬಾಯಿಟ್ಟ ನೀರನ್ನು ಬಳಸುವುದು ಮಕ್ರೂಹ್ ತನ್‌ಝೀಹಿ, ಅಂದರೆ ಬಿಡುವುದೇ ಮೇಲು ಎಂದು ಹನಫೀ ವಿದ್ವಾಂಸರು ಹೇಳಿದ್ದಾರೆ. ರಾತ್ರಿ ಪಾತ್ರೆಗಳನ್ನು ಮುಚ್ಚಿಡಬೇಕೆಂಬುದೂ ಪ್ರವಾದಿ(ಸ)ರ ಆದೇಶವೇ. ನಮ್ಮನ್ನು ನಾವೇ ವಿನಾಶಕ್ಕೆ ದೂಡಿಕೊಳ್ಳಬಾರದೆಂದು ಅಲ್‌ಬಕರ ಅಧ್ಯಾಯ ಎಚ್ಚರಿಸುತ್ತದೆ. ಕರುಣೆ ಮತ್ತು ಶುದ್ಧಿ ಎರಡನ್ನೂ ಒಟ್ಟಿಗೆ ಹಿಡಿದರೆ, ಇಂದಿನ ವೈದ್ಯರು ಹೇಳುವ ಮಾತಿಗೆ ನಾವು ಬಹಳ ಹತ್ತಿರ ಬಂದು ನಿಲ್ಲುತ್ತೇವೆ.

ಟಾಕ್ಸೊಪ್ಲಾಸ್ಮಾ ಕಣ್ಣಿಗೆ ಕಾಣದ ಒಂದು ಪರಾವಲಂಬಿ ಜೀವಿ. 1908ರಲ್ಲಿ ಟ್ಯುನಿಸ್ ನಗರದ ಪಾಶ್ಚರ್ ಸಂಸ್ಥೆಯಲ್ಲಿ ಇಲಿಯ ಜಾತಿಯ ಪ್ರಾಣಿಯೊಂದರಲ್ಲಿ ಇದನ್ನು ಗುರುತಿಸಿದರು. ಹಸಿ ಮಾಂಸ, ಇಲಿ, ಹಕ್ಕಿಗಳನ್ನು ತಿಂದ ಬೆಕ್ಕಿಗೆ ಇದು ಅಂಟುತ್ತದೆ. ಮೊದಲ ಸಲ ಸೋಂಕಾದಾಗ ಸುಮಾರು ಒಂದರಿಂದ ಮೂರು ವಾರಗಳ ಕಾಲ ಅದರ ಮಲದಲ್ಲಿ ರೋಗದ ಬೀಜ ಹೊರಬೀಳುತ್ತದೆ. ಆ ಬೀಜ ಅದೇ ಕ್ಷಣದಲ್ಲಿ ಅಪಾಯಕಾರಿಯಲ್ಲ. ಸೋಂಕು ಹರಡುವ ಶಕ್ತಿ ಪಡೆಯಲು ಅದಕ್ಕೆ 1ರಿಂದ 5 ದಿನ ಬೇಕು. ದಿನವೂ ಮಲವನ್ನು ತೆಗೆದುಹಾಕುವ ಮನೆಯಲ್ಲಿ ಅಪಾಯ ಬಹಳ ತಗ್ಗುವುದು ಇದೇ ಕಾರಣದಿಂದ. ಬೆಕ್ಕಿನ ಮೈ ಸವರುವುದರಿಂದ ಈ ರೋಗ ಬರುವುದು ತೀರಾ ಅಪರೂಪ. ಕೂದಲು ಹೊಟ್ಟೆಗೆ ಹೋಗಿ ಗರ್ಭ ಇಳಿಯುತ್ತದೆಂಬ ಮಾತಿಗೆ ಆಧಾರವೇ ಇಲ್ಲ.

ಹಿಂದೆಂದೋ ಸೋಂಕು ಬಂದು ಹೋದ ತಾಯಿಯ ಮಗುವಿಗೆ ಸಾಮಾನ್ಯವಾಗಿ ಭಯವಿಲ್ಲ. ಗರ್ಭಿಣಿಯಾಗಿದ್ದಾಗ ಅಥವಾ ಅದಕ್ಕೆ ಸ್ವಲ್ಪ ಮೊದಲು ಹೊಸದಾಗಿ ಸೋಂಕು ತಗುಲಿದರೆ ಮಾತ್ರ ಅದು ಮಗುವಿನ ಕಣ್ಣು, ಮಿದುಳುಗಳಿಗೆ ಹಾನಿ ಮಾಡಬಹುದು, ಗರ್ಭಪಾತಕ್ಕೂ ಕಾರಣವಾಗಬಹುದು. ಅದಕ್ಕೆ ಔಷಧಿಯಿದೆ. ಪರೀಕ್ಷೆ ಯಾರಿಗೆ ಬೇಕು, ಯಾವಾಗ ಬೇಕು ಎಂಬುದನ್ನು ವೈದ್ಯರೇ ನಿರ್ಧರಿಸಲಿ.

ಈ ಸೋಂಕು ಬೆಕ್ಕಿಗಿಂತ ಹೆಚ್ಚಾಗಿ ಅಡುಗೆಮನೆಯ ದಾರಿಯಿಂದ ಬರಬಹುದೆಂಬುದನ್ನು ನಮ್ಮ ಸಹೋದರಿಯರು ವಿಶೇಷವಾಗಿ ಗಮನಿಸಬೇಕು. ಅರೆಬೆಂದ ಮಾಂಸದಲ್ಲಿ ಆ ಜೀವಿ ಬದುಕಿರುತ್ತದೆ. ಕುಕ್ಕರಿನಲ್ಲಿ ಚೆನ್ನಾಗಿ ಬೆಂದ ಸಾಲನ್‌ಗೆ ಹೆದರಬೇಕಿಲ್ಲ. ಒಳಗೆ ಕೆಂಪಾಗಿಯೇ ಉಳಿದ ಸೀಖ್ ಕಬಾಬಿಗೆ ಹೆದರಬೇಕು. ಖೀಮಾ 71 ಡಿಗ್ರಿ ಸೆಲ್ಸಿಯಸ್‌ವರೆಗೆ ಬೇಯಬೇಕೆನ್ನುತ್ತಾರೆ. ಉಪ್ಪು ಸರಿಯಿದೆಯೇ ಎಂದು ಹಸಿ ಕೋಫ್ತಾ ಹಿಟ್ಟನ್ನು ನಾಲಿಗೆಗೆ ತಾಗಿಸಿ ನೋಡುವ ಅಭ್ಯಾಸವನ್ನು ಗರ್ಭಿಣಿ ಬಿಡಲೇಬೇಕು. ಬಕ್ರೀದ್ ದಿನ ಕುರ್ಬಾನಿಯ ಮಾಂಸ, ಬೋಟಿ ತೊಳೆಯುವ ಕೆಲಸ ಅವಳ ಪಾಲಿಗೆ ಬೇಡ. ಹಸಿ ಮಾಂಸ ಹೆಚ್ಚಿದ ಹಲಗೆಯ ಮೇಲೆ ಈರುಳ್ಳಿ ಹೆಚ್ಚಬಾರದು. ಮಂಡಕ್ಕಿಗೆ ಉದುರಿಸುವ ಹಸಿ ಕೊತ್ತಂಬರಿ, ಚಟ್ನಿಯ ಪುದೀನಾ ಇವನ್ನು ಹರಿಯುವ ನೀರಿನಲ್ಲಿ ಚೆನ್ನಾಗಿ ತೊಳೆಯಬೇಕು. ಮನೆಯ ಮುಂದಿನ ಹೂಕುಂಡದ ಮಣ್ಣು, ಕಟ್ಟಡಕ್ಕೆಂದು ಓಣಿಯಲ್ಲಿ ಸುರಿದ ಮರಳಿನ ರಾಶಿ ಇವು ಬೀದಿಬೆಕ್ಕುಗಳ ಪಾಯಿಖಾನೆಗಳು. ಅವನ್ನು ಮುಟ್ಟಿದ ಕೈಯನ್ನು ಸಾಬೂನಿನಿಂದ ತೊಳೆಯದೆ ಬಾಯಿಗೆ ಒಯ್ಯಬಾರದು.

ಬೆಕ್ಕಿಗೂ ನಿಯಮ ಬೇಕು. ಕುರ್ಬಾನಿಯ ದಿನ ಹಸಿ ಕರುಳನ್ನು ಅದರ ಮುಂದೆ ಎಸೆಯುವುದನ್ನು ದಯೆಯೆಂದು ಭಾವಿಸುತ್ತೇವೆ. ಬೇಯಿಸಿ ಹಾಕುವುದೇ ದಯೆ, ಅದಕ್ಕೂ ನಮಗೂ. ಗರ್ಭಿಣಿಯಿರುವ ಮನೆಗೆ ಹೊಸದಾಗಿ ಬೀದಿಯ ಮರಿಯನ್ನು ತರುವುದು ಬೇಡ. ಇರುವುದನ್ನು ಪಶು ಆಸ್ಪತ್ರೆಗೆ ಒಯ್ದು ರೇಬೀಸ್ ಲಸಿಕೆ ಹಾಕಿಸಿ, ಹುಳುವಿನ ಔಷಧಿ ಕೊಡಿಸಬೇಕು. ಲಸಿಕೆ ಹಾಕಿಸಿದ ಮನೆಬೆಕ್ಕನ್ನು ಹೊರದೂಡಿದರೆ ಆ ಜಾಗಕ್ಕೆ ಹಂಚಿನ ಸಂದಿಯಿಂದ ಲಸಿಕೆಯಿಲ್ಲದ ಬೀದಿಬೆಕ್ಕು ಇಳಿದು ಬರುತ್ತದೆ ಎಂಬುದನ್ನು ಹಿರಿಯರು ಮರೆಯಬಾರದು.

ಬೆಕ್ಕು ಕಚ್ಚಿದರೆ ಅಥವಾ ರಕ್ತ ಬರುವಂತೆ ಪರಚಿದರೆ ಅರಿಶಿನ, ಸುಣ್ಣ, ಖಾರದ ಪುಡಿ ಹಚ್ಚಬಾರದು. ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅದೇ ದಿನ ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆಗೋ ಹರಿಹರದ ತಾಲ್ಲೂಕು ಆಸ್ಪತ್ರೆಗೋ ಹೋಗಬೇಕು. ಗರ್ಭಿಣಿಯೆಂದು, ಹಾಲುಣಿಸುವವಳೆಂದು ರೇಬೀಸ್ ಲಸಿಕೆಗೆ ಹಿಂಜರಿಯುವುದು ಪ್ರಾಣಕ್ಕೇ ಎರವಾದೀತು. ಆ ಲಸಿಕೆ ಇಬ್ಬರಿಗೂ ಸುರಕ್ಷಿತ. ವೈದ್ಯರು ಹೇಳಿದ ಒಂದು ದಿನವನ್ನೂ ತಪ್ಪಿಸಬಾರದು.

ಮಗು ಹುಟ್ಟಿದ ಮೇಲಿನ ಮಾತು. ಬೆಕ್ಕು ಉಸಿರು ಹೀರುತ್ತದೆಂಬುದು ಸುಳ್ಳು. ಆದರೆ ಬೆಕ್ಕಿಗೆ ಬೆಚ್ಚನೆಯ ಜಾಗ ಇಷ್ಟ. ತೊಟ್ಟಿಲಿಗಿಂತ ಬೆಚ್ಚಗಿನ ಜಾಗ ಮನೆಯಲ್ಲಿ ಇನ್ನೆಲ್ಲಿದೆ? ಕತ್ತು ಹೊರಳಿಸಲಾರದ ಹಸುಗೂಸಿನ ಮುಖದ ಬಳಿ ಅದು ಮಲಗಿದರೆ ಉಸಿರು ಕಟ್ಟುವ ಅಪಾಯ ಇದ್ದೇ ಇದೆ. ಆದ್ದರಿಂದ ಚಿಲ್ಲಾದ ನಲವತ್ತು ದಿನ ಮಾತ್ರವಲ್ಲ, ಮಗು ತಾನೇ ಎದ್ದು ಕೂರುವವರೆಗೂ ಅವೆರಡನ್ನೇ ಒಂದು ಕೋಣೆಯಲ್ಲಿ ಬಿಡಬಾರದು. ಬಾಗಿಲಿದ್ದರೆ ಮುಚ್ಚಬೇಕು. ಒಂದೇ ಕೋಣೆಯ ಮನೆಯಾದರೆ ರಾತ್ರಿ ಬೆಕ್ಕಿಗೆ ಹೊರಗೆ, ಅಡುಗೆಮನೆಯಲ್ಲಿ ಅಥವಾ ಪಡಸಾಲೆಯಲ್ಲಿ ಬುಟ್ಟಿಯ ಹಾಸಿಗೆ ಮಾಡಬೇಕು; ಮಗುವಿಗೆ ಬಿಗಿಯಾದ ಸೊಳ್ಳೆಪರದೆ ಕಟ್ಟಬೇಕು. ಹಾಲಿನ ಬಟ್ಟಲು, ಚಮಚಗಳನ್ನು ಮುಚ್ಚಿಡಬೇಕು. ಮಗುವನ್ನು ಎತ್ತಿಕೊಳ್ಳುವವರು ಮೊದಲು ಕೈ ತೊಳೆಯಬೇಕು.

ಇನ್ನು ಬೆಕ್ಕಿನ ಮಲವನ್ನು ದಿನವೂ ತೆಗೆಯುವವರು ಯಾರು? ಗರ್ಭಿಣಿಯಂತೂ ಅಲ್ಲ. ಬೇರೆ ಯಾರೂ ಇಲ್ಲದ ದಿನ ಮಾತ್ರ ಅವಳು ಕೈಗವಸು ತೊಟ್ಟು ಮಾಡಿ, ಸಾಬೂನಿನಿಂದ ಕೈ ತೊಳೆಯಬಹುದು. ಹರಿಹರದ ಆ ಮನೆಯಲ್ಲಿ ಮಾವನವರು ಈ ಕೆಲಸವನ್ನು ತಾವೇ ವಹಿಸಿಕೊಂಡರು. ಅವರು ಕಾಯಿಲೆ ಬಿದ್ದ ವಾರ ಅಳಿಯ ಮಾಡಿದ. ಗಂಡಸು ಇಂತಹ ಕೆಲಸ ಮಾಡುವುದೇ ಎಂದು ಯಾರೋ ನಕ್ಕರಂತೆ. ಪ್ರವಾದಿ(ಸ) ಮನೆಯಲ್ಲಿರುವಾಗ ಮನೆಯವರ ಸೇವೆಯಲ್ಲಿ ತೊಡಗಿರುತ್ತಿದ್ದರೆಂದು ಆಯಿಶಾ(ರ) ತಿಳಿಸಿದ್ದನ್ನು ಬುಖಾರಿ ವರದಿ ಮಾಡಿದ್ದಾರೆ. ಆ ಸುನ್ನತ್ತನ್ನು ಪಾಲಿಸಲು ನಾಚುವವರು ಚೀಲ ಹಿಡಿದು ಸೇತುವೆಗೆ ಹೋಗಲು ಏಕೆ ನಾಚುವುದಿಲ್ಲ?

ಅಲ್ಲಾಹನ ಕೃಪೆಯಿಂದ ಹುಡುಗಿಗೆ ಗಂಡು ಮಗುವಾಯಿತು. ತಾಯಿ ಮಗು ಆರೋಗ್ಯದಿಂದಿದ್ದಾರೆ. ನಮ್ಮ ತಂಗಿಯ ಭಯ ಪೂರ್ತಿ ಹೋಗಿಲ್ಲ. ಹರಿಹರಕ್ಕೆ ಹೋದಾಗಲೆಲ್ಲ ಮೊದಲು ಸೊಳ್ಳೆಪರದೆಯ ಅಂಚನ್ನು ಎಳೆದು ನೋಡುತ್ತಾಳೆ. ನೋಡಲಿ. ಆ ಎಚ್ಚರ ಒಳ್ಳೆಯದೇ. ಮೂಕಜೀವಿಯ ಮೇಲೆ ದೋಷ ಹೊರಿಸದ, ಎಳೆಯ ತಾಯಿಯನ್ನು ನೋಯಿಸದ ಎಚ್ಚರವನ್ನು ಅಲ್ಲಾಹನು ನಮ್ಮೆಲ್ಲ ಮನೆಗಳಿಗೆ ದಯಪಾಲಿಸಲಿ. ಗರ್ಭದಲ್ಲಿರುವ ನಮ್ಮ ಕಂದಮ್ಮಗಳನ್ನು ಅವನೇ ಕಾಪಾಡಲಿ, ಮಕ್ಕಳನ್ನು ಕಳೆದುಕೊಂಡ ತಾಯಂದಿರ ಎದೆಗೆ ಸಮಾಧಾನ ನೀಡಲಿ. ಆಮೀನ್.