ಚೋರ ಬಾಜಾರಿನಿಂದ ಚೌಪಾಟಿಯವರೆಗೆ

ಮುಂಬಯಿಗೆ ಬಂದ ನೆಂಟರನ್ನು ನಾವು ಗೇಟ್‌ವೇ ಆಫ್ ಇಂಡಿಯಾಕ್ಕೂ ರಾಣಿಬಾಗಿಗೂ ಕರೆದೊಯ್ಯುವುದುಂಟು. ಚೋರ ಬಾಜಾರಿಗೆ ಕರೆದೊಯ್ಯುವವರು ವಿರಳ. ಭೇಂಡಿ ಬಾಜಾರಿನ ಮಗ್ಗುಲಲ್ಲಿರುವ ಮಟನ್ ಸ್ಟ್ರೀಟ್ ಎಂಬ ಓಣಿಯಲ್ಲಿ ಗ್ರಾಮಾಫೋನಿನ ಕಹಳೆ, ಹಡಗಿನ ದೀಪ, ಹಳೆಯ ಸಿನಿಮಾಗಳ ಭಿತ್ತಿಪತ್ರ ಇವುಗಳ ನಡುವೆ ಫಿಲ್ಮು ಹಾಕುವ ಕ್ಯಾಮರಾಗಳೂ ಗಿರಾಕಿಗಳ ದಾರಿ ಕಾಯುತ್ತಿರುತ್ತವೆ.

ನಮಗೂ ಒಂದು ಬೇಕಾಗಿತ್ತು. ಊರಿನಲ್ಲಿ ಅಜ್ಜನವರ ಸಹಸ್ರಚಂದ್ರ ದರ್ಶನ ಶಾಂತಿ ಗೊತ್ತಾಗಿತ್ತು. ಅವರ ಕಾಲದ ಕಪ್ಪು ಬಿಳುಪಿನಲ್ಲಿಯೇ ಅವರದೊಂದು ಚಿತ್ರವಿರಲೆಂದು ಮನೆಯವರೆಲ್ಲರ ಆಸೆ. ಫೋನಿನ ಚಿತ್ರ ಕೆಟ್ಟರೆ ಆ ಕ್ಷಣವೇ ಇನ್ನೊಂದು ತೆಗೆಯಬಹುದು. ಫಿಲ್ಮು ಹಾಗಲ್ಲ, ತೊಳೆದು ನೋಡುವ ಹೊತ್ತಿಗೆ ಚಪ್ಪರ ಬಿಚ್ಚಿರುತ್ತದೆ, ನೆಂಟರು ಬಸ್ಸು ಹತ್ತಿರುತ್ತಾರೆ. ಆದ್ದರಿಂದ ಪರೀಕ್ಷೆ ಮೊದಲು, ಸಮಾರಂಭ ಆಮೇಲೆ ಎಂದು ನಿಶ್ಚಯಿಸಿದೆವು.

ಅಂಗಡಿಯಲ್ಲಿ ಒಂದು ಕಾಲಕ್ಕೆ ಬರೋಡೆಯಲ್ಲಿ ತಯಾರಾಗುತ್ತಿದ್ದ ಆಗ್ಫಾ ಕ್ಲಿಕ್-೩ ಇತ್ತು. ೧೯೭೬ರಲ್ಲಿ ಹೊರಬಂದ ಪೆಂಟ್ಯಾಕ್ಸ್ ಕೆ-೧೦೦೦ ಇತ್ತು. ನಮ್ಮ ಕೈ ಹಿಡಿದದ್ದು ಬ್ಯಾಟರಿಯಿಲ್ಲದೆಯೂ ಷಟರು ನಡೆಯುವ ಬೇರೊಂದು ಜಪಾನೀ ಯಂತ್ರ. ಅಂಗಡಿಯವರು “ಏಕ್‌ದಮ್ ಚಾಲೂ” ಎಂದರು. ಬೆಳ್ಳಗಿದ್ದದ್ದೆಲ್ಲ ಹಾಲಲ್ಲವಷ್ಟೆ!

ಮೊದಲು ಮಸೂರವನ್ನು ಬಿಚ್ಚಿ ಬೆಳಕಿಗೆ ಹಿಡಿದೆವು. ಮುಂಬಯಿಯ ನಾಲ್ಕು ತಿಂಗಳ ಮಳೆ ಗಾಜಿಗೆ ದೊಡ್ಡ ಶತ್ರು. ಒಳಗೆ ಜೇಡರ ಬಲೆಯಂಥ ಎಳೆಗಳು ಕಂಡರೆ ಅದು ಬೂಷ್ಟು; ಅಂಥದಕ್ಕೆ ಕೈ ಮುಗಿದು ಮುಂದೆ ನಡೆಯುವುದೇ ಲೇಸು. ಒಂದೆರಡು ಧೂಳಿನ ಕಣಗಳಿಂದ ಬಾಧಕವಿಲ್ಲ. ಬೆಳಕಿನ ಕಿಂಡಿಯ ತಗಡುಗಳಲ್ಲಿ ಎಣ್ಣೆಯಿರಬಾರದು. ಅವು ಚಟಕ್ಕನೆ ಮುಚ್ಚಿ ತೆರೆಯಬೇಕು.

ಆಮೇಲೆ ಹಿಂಬಾಗಿಲು. ಅದರ ಅಂಚಿನ ಸ್ಪಂಜು ಕರಗಿ ಹಲಸಿನ ಮೇಣದಂತೆ ಅಂಟುತ್ತಿತ್ತು. ಇದು ಅಗ್ಗದಲ್ಲಿ ಹೊಸದು ಹಾಕಿಸಬಹುದಾದ ದೋಷ. ಷಟರಿನ ಬಟ್ಟೆಯ ಪರದೆಗೆ ಟಾರ್ಚು ಹಿಡಿದರೆ ಸೂಜಿಮೊನೆಯಷ್ಟು ಬೆಳಕೂ ನುಸುಳಕೂಡದು, ನುಸುಳಲಿಲ್ಲ. ಮೂರನೆಯದು ಕಿವಿಯ ಕೆಲಸ. ಒಂದು ಸೆಕೆಂಡಿಗೆ ತಿರುಗಿಸಿ ಗುಂಡಿ ಒತ್ತಿ, ಗಡಿಯಾರದ ಮುಳ್ಳನ್ನು ನೋಡುತ್ತ ಕೇಳಬೇಕು. ಗ್ರೀಸು ಒಣಗಿದ್ದರೆ ಷಟರು ಮುದುಕನಂತೆ ಎಳೆದಾಡುತ್ತದೆ, ಇಲ್ಲವೆ ನಡುವೆಯೇ ನಿಲ್ಲುತ್ತದೆ. ನಮ್ಮದು ನಿಲ್ಲಲಿಲ್ಲ. ಚೌಕಾಸಿ ಮುಗಿಸಿ ಕೊಂಡುಕೊಂಡೆವು.

ಅಲ್ಲಿಂದ ಗ್ರಾಂಟ್ ರೋಡಿನ ಮೇಲೆ ನಡೆದು ಗಿರಗಾಂವ ಚೌಪಾಟಿ ಸೇರಿದೆವು. ದೂರದ ವಸ್ತು ಸ್ಪಷ್ಟವಾಗಿ ಮೂಡುವುದೋ ಎಂದು ನೋಡಲು ಇದಕ್ಕಿಂತ ಒಳ್ಳೆಯ ಸ್ಥಳವಿಲ್ಲ. ಹಿಂಬಾಗಿಲು ತೆರೆದು, ಫಿಲ್ಮು ಕೂಡುವ ಜಾಗಕ್ಕೆ ಬೆಣ್ಣೆ ಕಾಗದ ಹಚ್ಚಿ, ಷಟರನ್ನು ತೆರೆದೇ ಹಿಡಿದು, ತಲೆಯ ಮೇಲೆ ಕಪ್ಪು ಬಟ್ಟೆ ಹೊದ್ದೆವು. ಕೊಲ್ಲಿಯ ಆಚೆಯ ನರೀಮನ್ ಪಾಯಿಂಟಿನ ಸೌಧಗಳು ತಲೆಕೆಳಗಾಗಿ, ಆದರೆ ಅಚ್ಚುಕಟ್ಟಾಗಿ ಕಾಗದದ ಮೇಲೆ ನಿಂತವು! ಭೇಳಪುರಿ ತಿನ್ನುತ್ತಿದ್ದ ಮಕ್ಕಳು ನಮ್ಮನ್ನು ಗಾರುಡಿಗರೆಂದೇ ತಿಳಿದು ಸುತ್ತುವರಿದರು.

ಕಡೆಯದಾಗಿ ಒಂದು ಸುರುಳಿ ಫಿಲ್ಮು. ಸಮುದ್ರದ ಅಂಚು, ಬರಿಯ ಆಕಾಶ, ಮಕ್ಕಳ ಮುಖ, ಹೀಗೆ ಎಲ್ಲ ವೇಗಗಳಲ್ಲಿಯೂ ತೆಗೆದು, ಪ್ರತಿಯೊಂದನ್ನೂ ಕಚೇರಿಯ ಅಭ್ಯಾಸದಂತೆ ಪುಸ್ತಕದಲ್ಲಿ ದಾಖಲು ಮಾಡಿದೆವು. ತೊಳೆದು ಬಂದಾಗ ಆಕಾಶವೇ ಸಾಕ್ಷಿ ನುಡಿಯಿತು: ೧/೧೦೦೦ ಸೆಕೆಂಡಿನ ಚಿತ್ರಗಳಲ್ಲಿ ಮಾತ್ರ ಒಂದು ಅಂಚು ಮಬ್ಬಾಗಿತ್ತು. ಎರಡು ಪರದೆಗಳು ಆ ವೇಗದಲ್ಲಿ ಸಮನಾಗಿ ಓಡುತ್ತಿರಲಿಲ್ಲ. ಉಳಿದವೆಲ್ಲ ನಿರ್ದುಷ್ಟ.

ಹಳೆಯ ಯಂತ್ರ ದೋಷವಿಲ್ಲದ್ದೆಂದು ರುಜುವಾತು ಮಾಡುವುದು ಪರೀಕ್ಷೆಯ ಉದ್ದೇಶವಲ್ಲ. ದೋಷ ಎಲ್ಲಿದೆಯೆಂದು ತಿಳಿದರೆ ಸಾಕು. ಹಸೆಯ ಮೇಲೆ ಕುಳಿತ ಅಜ್ಜನವರಿಗೆ ೧/೧೨೫ ಧಾರಾಳವಾಯಿತು. ಆ ಚಿತ್ರ ಈಗ ಊರಿನ ಪಡಸಾಲೆಯಲ್ಲಿದೆ.

ವಾಚಕರಲ್ಲಿ ಯಾರಾದರೂ ಹೊರಡುವುದಾದರೆ ಶುಕ್ರವಾರ ಬೇಡ, ಮಟನ್ ಸ್ಟ್ರೀಟಿನ ಅಂಗಡಿಗಳಿಗೆ ಅಂದು ರಜೆ. ಟಾರ್ಚು, ಬೆಣ್ಣೆ ಕಾಗದ, ಸೆಕೆಂಡು ಮುಳ್ಳಿನ ಗಡಿಯಾರ ಜೊತೆಗಿರಲಿ. ಸ್ವಲ್ಪ ತಾಳ್ಮೆಯೂ ಇರಲಿ.