ಮೊಮ್ಮಗ ಬೇಕಾಗಿದ್ದಾನೆ

ಹದಿನಾಲ್ಕು ವರ್ಷದ ಮಗನನ್ನು ಹೆತ್ತವರೇ ದುಡ್ಡಿನಾಸೆಗೆ ರಾಕ್ಷಸನೊಬ್ಬನಿಗೆ ಮಾರಿಬಿಡುತ್ತಾರೆ. ಕಥೆ ಹೀಗೆ ಶುರುವಾದರೆ ಮುಂದಿನದು ಕೇಳಬೇಕೆ? ರಾಕ್ಷಸ ಹುಡುಗನನ್ನು ತನ್ನ ಲೋಕಕ್ಕೆ ಹೊತ್ತೊಯ್ಯುತ್ತಾನೆ, ಎದುರಿಗೆ ಕೂರಿಸಿಕೊಳ್ಳುತ್ತಾನೆ, ಆಮೇಲೆ ಕಾಲಿಗೆ ಬೀಳುವುದೊಂದು ಬಾಕಿ ಎನ್ನುವ ದನಿಯಲ್ಲಿ, ನನಗೆ ಮೊಮ್ಮಗನಾಗುತ್ತೀಯಾ ಎಂದು ಕೇಳುತ್ತಾನೆ! ಹುಡುಗ ಯಾರು ಏನು ಕೇಳಿದರೂ ಇಲ್ಲವೆನ್ನಲಾರದ ದಾಕ್ಷಿಣ್ಯದ ಪ್ರಾಣಿ. ಒಪ್ಪಿಕೊಳ್ಳುತ್ತಾನೆ. ಜಪಾನಿನ ‘ಇರುಮಾ-ಕುನ್’ ಎಂಬ ಅನಿಮೆ ಹೊರಡುವುದು ಇಲ್ಲಿಂದ. ಒಸಾಮು ನಿಶಿ 2017ರಲ್ಲಿ ಬರೆಯತೊಡಗಿದ ಈ ಚಿತ್ರಕಥೆ 2019ರಲ್ಲಿ ಅನಿಮೆಯಾಗಿ ಬಂತು. ಬಂದದ್ದು ಎನ್‌ಎಚ್‌ಕೆಯ ಶೈಕ್ಷಣಿಕ ವಾಹಿನಿಯಲ್ಲಿ. ಕಥೆ ನಡೆಯುವುದು ರಾಕ್ಷಸರ ಶಾಲೆಯಲ್ಲಾದರೂ ಶಾಲೆ ಶಾಲೆಯೇ ಎಂದುಕೊಂಡರೋ ಏನೋ.

ಆ ರಾಕ್ಷಸನ ಹೆಸರು ಸಲಿವನ್. ಅವನ ಲೋಕದ ಮಹಾ ಪರಾಕ್ರಮಿಗಳು ಮೂವರು, ಅವರಲ್ಲಿ ಇವನೂ ಒಬ್ಬ. ಉಳಿದಿಬ್ಬರು ಸಿಕ್ಕಾಗಲೆಲ್ಲ ತಮ್ಮ ಮೊಮ್ಮಕ್ಕಳ ವಿಷಯ ಕೊಚ್ಚಿಕೊಳ್ಳುತ್ತಾರೆ. ಇವನಿಗೆ ಹೇಳಿಕೊಳ್ಳಲು ಯಾರೂ ಇಲ್ಲ. ಆ ಸಂಕಟಕ್ಕೆ ಹುಡುಗನನ್ನು ಕೊಂಡದ್ದು.

ಇದು ನನಗೆ ಅರ್ಥವಾದಷ್ಟು ಚೆನ್ನಾಗಿ ಟೋಕಿಯೊದಲ್ಲಿ ಕೂತು ನೋಡಿದವರಿಗೂ ಅರ್ಥವಾಗಿರಲಾರದು. ಬೆಳಗಿನ ವಾಕಿಂಗ್ ಮುಗಿಸಿ ಪಾರ್ಕಿನ ಕಲ್ಲುಬೆಂಚಿನ ಮೇಲೆ ಕೂತೊಡನೆ ನನ್ನ ಗೆಳೆಯರ ಕೈ ಜೇಬಿಗೆ ಹೋಗುತ್ತದೆ. ‘ತಾಳಿ, ಇದಲ್ಲ, ಇದರ ಮುಂದಿನದು’ ಎನ್ನುತ್ತ ಮೊಬೈಲನ್ನು ಮೊಳದುದ್ದ ದೂರ ಹಿಡಿದು ಬೆರಳಾಡಿಸುತ್ತಾರೆ. ಡಾಲಸ್ಸಿನ ಮೊಮ್ಮಗ ಶ್ಲೋಕ ಹೇಳುತ್ತಾನೆ, ಮಾರತಹಳ್ಳಿಯ ಮೊಮ್ಮಗಳು ಕೀಬೋರ್ಡ್ ಬಾರಿಸುತ್ತಾಳೆ. ನಮಗೆ ಮಕ್ಕಳಿಲ್ಲದ್ದರಿಂದ ನಾನು ಅಲ್ಲಿ ಕಾಯಂ ಪ್ರೇಕ್ಷಕ. ‘ಅಬ್ಬಾ, ಎಷ್ಟು ಚೂಟಿ!’ ಎನ್ನುವುದನ್ನು ಬೇರೆ ಬೇರೆ ರಾಗದಲ್ಲಿ ಹೇಳಲು ಕಲಿತಿದ್ದೇನೆ. ಸಲಿವನ್ ಶಾಲೆಯ ಪ್ರವೇಶೋತ್ಸವದಲ್ಲಿ ಭಾಷಣಕ್ಕೆಂದು ನಿಂತು ಹೊಸ ಮೊಮ್ಮಗನ ಗುಣಗಾನಕ್ಕೇ ಇಳಿದಾಗ ಸಭೆ ಕಕ್ಕಾಬಿಕ್ಕಿಯಾಯಿತು. ನನಗೆ ಮಾತ್ರ, ಇನ್ನೂ ಸ್ವಲ್ಪ ಹೊತ್ತು ಹೇಳಲಿ ಪಾಪ ಎನ್ನಿಸಿತು.

ಇದನ್ನೆಲ್ಲ ನಮಗೆ ಹಚ್ಚಿದವಳು ಪಕ್ಕದ ಮನೆಯ ಒಂಬತ್ತನೇ ಕ್ಲಾಸಿನ ಹುಡುಗಿ. ನನ್ನ ತಲೆಗೂದಲನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ‘ಅಂಕಲ್’ ಎನ್ನುತ್ತಾಳೆ. ಸಂಜೆ ಹೊತ್ತು ಬಂದು ಸೋಫಾದ ಮೂಲೆ ಹಿಡಿದಳೆಂದರೆ ನಾನು ಇಂಗ್ಲಿಷ್ ಸಬ್‌ಟೈಟಲನ್ನು ನನ್ನಾಕೆಗೆ ಕನ್ನಡದಲ್ಲಿ ಓದಿ ಹೇಳಬೇಕು. ನಾನು ಒಂದು ಸಾಲು ಮುಗಿಸುವಷ್ಟರಲ್ಲಿ ಪರದೆಯ ಮೇಲೆ ಮೂರು ಮಂದಿ ಜಗಳವಾಡಿ ರಾಜಿಯಾಗಿರುತ್ತಾರೆ. ಹೀಗೇ ಪೊರಕೆಯ ಮೇಲೆ ಹಾರಲು ಬಾರದ ಅಕ್ಕೊಳ ‘ಲಿಟಲ್ ವಿಚ್ ಅಕಾಡೆಮಿಯಾ’ ನೋಡಿದೆವು. ಬೆನ್ನ ಮೇಲಿನ ದೊಡ್ಡ ಕೀಲಿ ಯಾರಿಗೂ ಕಾಣಬಾರದೆಂದು ಒದ್ದಾಡುವ ರೋಬೊ ಹುಡುಗಿ ನಾನೊಳ ‘ನಿಚಿಜೌ’ ನೋಡಿದೆವು. ಅದರಲ್ಲಿ ಹೆಡ್‌ಮಾಸ್ತರರು ಶಾಲೆಯಂಗಳದಲ್ಲಿ ಜಿಂಕೆಯೊಂದಿಗೆ ಕುಸ್ತಿಗೆ ಬೀಳುತ್ತಾರೆ. ಏಕೆಂದು ಕೇಳಬಾರದು. ಆದರೆ ಮನೆಮಂದಿಯಾಗಿ ಉಳಿದವನು ಇರುಮಾ ಒಬ್ಬನೇ.

ಅವನ ಶಾಲೆಯ ಹೆಸರು ಬೇಬಿಲ್ಸ್. ಮನುಷ್ಯ ಸಿಕ್ಕರೆ ತಿನ್ನುವುದೇ ಅಲ್ಲಿನ ಶಾಲಾಗೀತೆಯ ಸಾರಾಂಶ. ಅದನ್ನು ಎಲ್ಲರೂ ಭಕ್ತಿಯಿಂದ ಹಾಡುವಾಗ ನಡುವೆ ನಿಂತ ಒಬ್ಬನೇ ಮನುಷ್ಯನ ಮುಖ ನೋಡಬೇಕು. ಹಾಗೆ ಹಾಡಿದವರು ಆಮೇಲೆ ಅವನ ಜೊತೆ ಕೂತು ಉಣ್ಣುತ್ತಾರೆ. ನಮ್ಮ ಶಾಲೆಯಲ್ಲಿ ಬೆಳಗ್ಗೆ ಹಾಡುತ್ತಿದ್ದದ್ದು ದಯೆ, ಕ್ಷಮೆಗಳ ಪ್ರಾರ್ಥನೆ. ಬೆತ್ತ ಬರುತ್ತಿದ್ದದ್ದು ಅದರ ನಂತರ.

ಕಲೆಗೊ ಎಂಬ ಮಹಾ ಸಿಡುಕಿನ ಮೇಷ್ಟ್ರು ಇರುಮಾನ ಮಂತ್ರದ ಎಡವಟ್ಟಿನಿಂದ ಅವನದೇ ಸಾಕುಪ್ರಾಣಿಯಾಗಿ, ರೆಕ್ಕೆಯುಳ್ಳ ತುಪ್ಪಳದ ಮುದ್ದೆಯಾಗಿ ಪ್ರತ್ಯಕ್ಷವಾಗುವ ಪ್ರಸಂಗಕ್ಕೆ ಹುಡುಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾನೂ ನಕ್ಕೆ. ನಗುತ್ತಲೇ ನಮ್ಮ ಗಣಿತದ ಮೇಷ್ಟ್ರು ನೆನಪಾದರು. ಅವರ ಸೈಕಲ್ಲಿನ ಸ್ಟ್ಯಾಂಡ್ ಹಾಕಿದ ಸದ್ದಿಗೇ ಇಡೀ ತರಗತಿ ಮಗ್ಗಿ ಮರೆಯುತ್ತಿತ್ತು. ಎಷ್ಟೋ ವರ್ಷದ ಮೇಲೆ ಬ್ಯಾಂಕಿನ ಸಾಲಿನಲ್ಲಿ ಒಬ್ಬ ಮುದುಕರು ನನ್ನ ತೋಳು ಮುಟ್ಟಿ, ‘ಕನ್ನಡಕ ಮರೆತು ಬಂದಿದೀನಪ್ಪ, ಈ ಚಲನ್ ಸ್ವಲ್ಪ ತುಂಬಿಕೊಡ್ತೀಯಾ’ ಎಂದರು. ಸ್ವೆಟರಿನೊಳಗೆ ಅರ್ಧವಾಗಿದ್ದರು. ನಾನು ಮೊತ್ತವನ್ನು ಅಂಕಿಯಲ್ಲೂ ಅಕ್ಷರದಲ್ಲೂ ಬರೆದು ಕೊಟ್ಟೆ. ಅವರು ಅದನ್ನು ಕಣ್ಣಿನ ಹತ್ತಿರ ಹಿಡಿದು ಒಂದೊಂದೇ ಸೊನ್ನೆ ಎಣಿಸಿದರು. ಸರಿಯಾಗಿತ್ತು. ಹೆಸರು ಹೇಳಿಕೊಳ್ಳುವಷ್ಟರಲ್ಲಿ ಕೌಂಟರಿನವನು ಅವರನ್ನು ಕರೆದ.

ಇನ್ನು ಕ್ಲಾರಾ. ನನ್ನಾಕೆಯ ಬಾಯಲ್ಲಿ ‘ಹಸಿರು ಜುಟ್ಟಿನವಳು’. ತಾನು ಒಮ್ಮೆ ನೋಡಿದ ಯಾವುದನ್ನೇ ಆದರೂ ಜೇಬಿನಿಂದ ತೆಗೆದುಕೊಡುವ ವಿದ್ಯೆ ಅವಳಿಗಿದೆ. ಹಣ್ಣಿನ ರಸ, ತಿಂಡಿ, ಯಾರಿಗೆ ಏನು ಬೇಕೋ ಅದು. ಅದಕ್ಕೆ ಬದಲಾಗಿ ಅವರು ಇವಳ ಜೊತೆ ಸ್ವಲ್ಪ ಹೊತ್ತು ಆಡಬೇಕು. ಇರುಮಾ ಏನೂ ತೆಗೆದುಕೊಳ್ಳದೆ ಆಡುತ್ತಾನೆ. ನಿನ್ನ ಜೊತೆ ಆಡುವುದಕ್ಕೆ ಏನೂ ಕೊಡಬೇಕಾಗಿಲ್ಲ ಎನ್ನುತ್ತಾನೆ. ಆ ಹೊತ್ತಿಗೆ ನಮ್ಮ ಟೀಪಾಯಿಯ ಮೇಲೆ ಕೋಡುಬಳೆಯ ತಟ್ಟೆ ಇತ್ತು. ಹುಡುಗಿ ಬರುವ ದಿನ ಏನಾದರೊಂದು ಇರುತ್ತದೆ. ನನ್ನಾಕೆ, ಕುಕ್ಕರ್ ಸೀಟಿ ಹಾಕಿತು ಎಂದು ಎದ್ದು ಒಳಗೆ ಹೋದಳು. ಒಲೆಯ ಮೇಲೆ ಕುಕ್ಕರೇ ಇರಲಿಲ್ಲ.

ಇಂಥ ಕಥೆಗಳಲ್ಲಿ ಆಳವಿಲ್ಲ, ಯಾರಿಗೂ ನಿಜವಾಗಿ ನೋವಾಗುವುದಿಲ್ಲ ಎಂದು ಮೂಗು ಮುರಿಯುವವರಿದ್ದಾರೆ. ಯಾರಿಗೂ ನೋವಾಗದ ಹಾಗೆ ಅರ್ಧ ಗಂಟೆ ಕಳೆಯುವುದು ಎಷ್ಟು ಕಷ್ಟವೆಂದು ಅವರು ತಮ್ಮ ಮನೆಯಲ್ಲೇ ಒಮ್ಮೆ ಮಾಡಿ ನೋಡಬಹುದು.

ಈ ವರ್ಷ ಹುಡುಗಿಗೆ ಎಸ್ಸೆಸ್ಸೆಲ್ಸಿ. ಟ್ಯೂಷನ್ ಮುಗಿಸಿ ಬರುವಾಗ ಬೀದಿದೀಪ ಹತ್ತಿರುತ್ತದೆ. ನಮ್ಮನ್ನು ಮೂರನೆಯ ಸೀಸನ್ನಿನ ಬಾಗಿಲಲ್ಲಿ ನಿಲ್ಲಿಸಿ ಹೋಗಿದ್ದಾಳೆ. ಒಮ್ಮೊಮ್ಮೆ ಗೇಟಿನ ಆಚೆಯಿಂದಲೇ ಕೂಗುತ್ತಾಳೆ: ‘ಅಂಕಲ್, ನೀವಿಬ್ರೇ ನೋಡ್ಬಿಡ್ಬೇಡಿ. ಪರೀಕ್ಷೆ ಆದ್ಮೇಲೆ ಬರ್ತೀನಿ.’ ತಾತ ಎಂದು ಕರೆಯಮ್ಮ ಎನ್ನಲು ಬಾಯಿ ಬರುವುದಿಲ್ಲ. ಎಷ್ಟಾದರೂ ಸಲಿವನ್ ರಾಕ್ಷಸ, ಅವನಿಗೆ ಸಂಕೋಚವಿಲ್ಲ.

ನೋಡುವುದಿಲ್ಲ ಎಂದು ಇಬ್ಬರೂ ಮಾತು ಕೊಟ್ಟಿದ್ದೇವೆ. ಆದರೆ ನನ್ನಾಕೆಗೆ ಒಂದೇ ಚಿಂತೆ. ಇರುಮಾ ಎಷ್ಟು ಉಂಡರೂ ತಣಿಯದ ಹೊಟ್ಟೆಯವನು. ಹೆತ್ತವರು ಹೊಟ್ಟೆಗೆ ಹಾಕದೆ ಬೆಳೆಸಿದ ಹುಡುಗ ಎಂದು ಅವಳು ಅವನ ತಟ್ಟೆಗಳನ್ನು ಸಮಾಧಾನದಿಂದ ಎಣಿಸುತ್ತಿದ್ದಳು. ನಿನ್ನೆ ರಾತ್ರಿ ದೀಪ ಆರಿಸಿದ ಮೇಲೆ ಕೇಳಿದಳು:

‘ಏನ್ರೀ, ಮಾರ್ಚಿಗೆ ಇನ್ನೂ ಏಳು ತಿಂಗಳಿದೆ. ಅಲ್ಲೀವರೆಗೂ ಆ ಮಗೂನ ಉಪವಾಸ ಕೆಡವೋದಾ?’