ರೋಮಿನಲ್ಲೊಂದು ಐರಿಷ್ ಜಾತ್ರೆ

ಕರೆಯದ ಮನೆಗೆ ಊಟಕ್ಕೆ ಹೋಗಬಾರದೆಂದು ನಮ್ಮ ಹಿರಿಯರು ಹೇಳಿಕೊಟ್ಟಿದ್ದಾರೆ. ಸಿನಿಮಾ ಹಬ್ಬಗಳ ಮಟ್ಟಿಗೆ ಮಾತ್ರ ನಾನು ಆ ಪಾಠವನ್ನು ಗಾಳಿಗೆ ತೂರಿದವನು. ಎಲ್ಲಿ ಪರದೆ ಕಟ್ಟುತ್ತಾರೋ ಅಲ್ಲಿ ಹಾಜರು. ನೌಕರಿಯ ನೆಪದಲ್ಲಿ ರೋಮಿನಲ್ಲಿದ್ದ ಕಾಲದಲ್ಲಿ ನನ್ನ ಇಟಾಲಿಯನ್ ತರಕಾರಿ ಕೊಳ್ಳುವಷ್ಟು. ಐರ್ಲೆಂಡಿನ ಜೊತೆಗಿನ ನಂಟು ಅದಕ್ಕಿಂತಲೂ ಕಡಿಮೆ. ಆದರೂ ಚಳಿ ಮುಗಿದು, ಪೈನ್ ಮರಗಳ ಕೆಳಗೆ ಜನ ಕೋಟು ಕಳಚಿ ಕೂರುವ ಹೊತ್ತಿಗೆ, ವಿಲ್ಲಾ ಬೋರ್ಗೆಸೆ ಉದ್ಯಾನದ ಅಂಚಿನ ‘ಕಾಸಾ ದೆಲ್ ಚಿನೆಮಾ’ದಲ್ಲಿ ನಡೆಯುತ್ತಿದ್ದ ‘ಐರಿಷ್ ಫಿಲ್ಮ್ ಫೆಸ್ತಾ’ದ ಕಡೆಗೆ ಕಾಲು ತಾನಾಗಿ ಎಳೆಯುತ್ತಿತ್ತು. ಪ್ರವೇಶ ಪುಕ್ಕಟೆ ಎಂಬುದೂ ಒಂದು ಕಾರಣ. ಅದನ್ನು ಬಚ್ಚಿಟ್ಟು ಬರೀ ಕಲಾಪ್ರೇಮದ ಮಾತಾಡಿದರೆ ನಂಬುವವರಾರು?

ಜಾಗದ ವಿಳಾಸವೇ ಚೆಂದ: ಮಾರ್ಚೆಲ್ಲೊ ಮಾಸ್ತ್ರೊಯಾನಿ ಚೌಕ. ಫೆಲ್ಲಿನಿಯ ‘ಲಾ ದೊಲ್ಚೆ ವೀತಾ’ದಲ್ಲಿ ಅದೇ ಮಾಸ್ತ್ರೊಯಾನಿ ರಾತ್ರಿಯಿಡೀ ಅಲೆದ ವಿಯಾ ವೆನೆತೊ ಬೀದಿ ಮುಗಿದು, ಹಳೆಯ ಕೋಟೆಗೋಡೆಯ ಬಾಗಿಲು ದಾಟಿದರೆ ಇದು ಸಿಗುತ್ತದೆ. 2004ರಿಂದ ಸಿನಿಮಾದ ಮನೆಯಾಗಿರುವ ಕಟ್ಟಡ. ಹೊರಗೆ ಕಾಫಿಯ ಮೇಜುಗಳು. ರೋಮಿನವರು ಚಿತ್ರ ಶುರುವಾಗುವ ಕೊನೆಯ ಗಳಿಗೆಯವರೆಗೂ ಅಲ್ಲೇ ನಿಂತು ಮಾತಾಡುತ್ತಾರೆ. ಒಳಗೆ ಬಂದ ಮೇಲೆ ಉಳಿದ ಮಾತನ್ನು ಮುಗಿಸುತ್ತಾರೆ.

ಐರಿಷ್ ಸಿನಿಮಾದ ಹಬ್ಬಗಳು ಪರದೇಶಗಳಲ್ಲಿ ಬೇಕಾದಷ್ಟಿವೆ. ಷಿಕಾಗೊ, ಬಾಸ್ಟನ್, ಲಂಡನ್, ಸಿಡ್ನಿ, ಟೊರಾಂಟೊ. ಅವೆಲ್ಲ ಐರಿಷ್ ಜನ ಹಸಿವಿಗೆ, ಕೆಲಸಕ್ಕೆ ಊರು ಬಿಟ್ಟು ಹೋಗಿ ನೆಲೆಸಿದ ಊರುಗಳು. ಮೊಮ್ಮಕ್ಕಳ ಮೊಮ್ಮಕ್ಕಳು ಕೂಡ ಅಜ್ಜನ ಊರಿನ ಮಳೆ ನೋಡಲು ಬರುತ್ತಾರೆ. ರೋಮಿನಲ್ಲಿ ಹಾಗಿಲ್ಲ. ಇಲ್ಲಿರುವ ಐರಿಷರೆಂದರೆ ಮಠದ ಪಾದ್ರಿಗಳು, ರಾಯಭಾರ ಕಚೇರಿಯವರು, ಇಂಗ್ಲಿಷ್ ಕಲಿಸುವ ಒಂದಷ್ಟು ಹುಡುಗ ಹುಡುಗಿಯರು. ಅವರೆಲ್ಲ ಬಂದರೂ ಒಂದು ಸಭಾಂಗಣ ತುಂಬುವುದು ಕಷ್ಟ. 2007ರಲ್ಲಿ ಈ ಹಬ್ಬ ಹುಟ್ಟುಹಾಕಿದ ಸುಸಾನ್ನಾ ಪೆಲ್ಲಿಸ್ ಕೂಡ ಐರಿಷ್ ಅಲ್ಲ, ಇಟಲಿಯವರು. ಐರಿಷ್ ಸಿನಿಮಾದ ಬಗ್ಗೆ ಇಟಾಲಿಯನ್ನಿನಲ್ಲಿ ಪುಸ್ತಕ ಬರೆದವರು. ಯಾರೂ ಕೇಳದೆ, ರಕ್ತಸಂಬಂಧದ ಹಂಗಿಲ್ಲದೆ, ಇನ್ನೊಬ್ಬರ ದೇಶದ ಚಿತ್ರಗಳನ್ನು ಹುಡುಕಿ ತಂದು, ಇಟಾಲಿಯನ್ ಅಡಿಬರಹ ಬರೆಸಿ, ತಮ್ಮ ಊರಿನವರಿಗೆ ತೋರಿಸುವ ಹುಚ್ಚು. ನನಗೆ ಈ ಹುಚ್ಚಿನ ಬಗ್ಗೆ ಬಹಳ ಗೌರವ. ತನ್ನವರ ಸಿನಿಮಾ ತನ್ನವರಿಗೆ ತೋರಿಸುವುದರಲ್ಲಿ ಅಭಿಮಾನವಿದೆ, ಸರಿ. ಪರರದನ್ನು ತನ್ನವರಿಗಾಗಿ ಹೊತ್ತು ತರುವುದಕ್ಕೆ ಬೇರೆಯದೇ ಪ್ರೀತಿ ಬೇಕು.

ಈ ಕೊಡುಕೊಳ್ಳುವಿಕೆಯ ಮೊದಲ ಕಂತು ತಿರುಗಾಮುರುಗಾ ನಡೆದಿತ್ತು ಎಂಬುದು ನನಗೆ ತಿಳಿದದ್ದು ಆಮೇಲೆ. ಡಬ್ಲಿನ್ನಿನ ಮೊದಲ ಕಾಯಂ ಚಿತ್ರಮಂದಿರ ತೆರೆದವನು ಜೇಮ್ಸ್ ಜಾಯ್ಸ್! ‘ಯೂಲಿಸಿಸ್’ ಬರೆದ ಅದೇ ಜಾಯ್ಸ್. ಆಗ ಆಸ್ಟ್ರಿಯಾದ ಆಳ್ವಿಕೆಯಲ್ಲಿದ್ದ, ಇಟಾಲಿಯನ್ ಮಾತಾಡುವ ತ್ರಿಯೆಸ್ತೆ ಪಟ್ಟಣದಲ್ಲಿ ಪಾಠ ಹೇಳಿಕೊಂಡು, ಸಾಲ ಮಾಡಿಕೊಂಡು ಇದ್ದ. ತ್ರಿಯೆಸ್ತೆಯಲ್ಲಿ ಇಷ್ಟೊಂದು ಸಿನಿಮಾ ಮನೆಗಳು, ನಮ್ಮ ಡಬ್ಲಿನ್ನಿನಲ್ಲಿ ಒಂದೂ ಇಲ್ಲವಲ್ಲ ಎಂದು ತಂಗಿ ಅಂದದ್ದೇ ತಡ, ಅಲ್ಲಿನ ವ್ಯಾಪಾರಿಗಳನ್ನು ಹಿಡಿದು, ಒಪ್ಪಿಸಿ, ಅವರ ದುಡ್ಡಿನಲ್ಲಿ ಡಬ್ಲಿನ್ನಿಗೆ ಹೊರಟೇಬಿಟ್ಟ. 1909ರ ಡಿಸೆಂಬರ್ 20ರಂದು ಮೇರಿ ಸ್ಟ್ರೀಟಿನಲ್ಲಿ ‘ವೋಲ್ಟಾ’ ತೆರೆಯಿತು. ಹದಿನೈದು ದಿನ ಕಳೆಯುವಷ್ಟರಲ್ಲಿ ಮಹಾಶಯ ತ್ರಿಯೆಸ್ತೆಗೆ ವಾಪಸು. ನೋಡಿಕೊಳ್ಳಲು ನಿಂತವರಿಗೆ ಡಬ್ಲಿನ್ನಿನ ಜನರ ನಾಡಿ ಸಿಗಲಿಲ್ಲ. ಪರದೇಶದ ಚಿತ್ರಗಳೇ ಹೆಚ್ಚಾದವೆಂದು ಜನ ಮೂಗು ಮುರಿದರು. 1910ರಲ್ಲೇ ನಷ್ಟಕ್ಕೆ ಮಾರಿದರು.

ನನಗೆ ರುಚಿಸಿದ್ದು ಮೊದಲ ದಿನದ ಚಿತ್ರಗಳ ಪಟ್ಟಿ. ಅದರಲ್ಲೊಂದು, ಬೆಯಾತ್ರಿಚೆ ಚೆಂಚಿಯ ದುರಂತ ಕತೆ. ರೋಮಿನ ದೊಡ್ಡ ಮನೆತನದ ಹುಡುಗಿ. ಕ್ರೂರಿ ಅಪ್ಪನ ಕಾಟ ತಾಳಲಾರದೆ ಮನೆಯವರೆಲ್ಲ ಸೇರಿ ಅವನನ್ನು ಕೊಲ್ಲಿಸಿದರು. 1599ರಲ್ಲಿ ಸಾಂತಾಂಜೆಲೊ ಸೇತುವೆಯ ಬಳಿ ಅವಳ ತಲೆ ಕಡಿದರು. ಹೂತದ್ದು ಜನಿಕುಲಂ ಗುಡ್ಡದ ಮೇಲಿನ ಸಾನ್ ಪಿಯೆತ್ರೊ ಇನ್ ಮೊಂತೋರಿಯೊ ಚರ್ಚಿನಲ್ಲಿ. ಒಂದು ಭಾನುವಾರ ಆ ಗುಡ್ಡ ಹತ್ತಿದೆ. ಅಂಗಳದಲ್ಲಿ ಬ್ರಾಮಾಂತೆ ಕಟ್ಟಿದ ಪುಟ್ಟ ದುಂಡು ಗುಡಿಯ ಸುತ್ತ ಪ್ರವಾಸಿಗರು. ಚರ್ಚಿನೊಳಗೆ ತಂಪು. ಬೆಯಾತ್ರಿಚೆಯ ಹೆಸರು ಎಲ್ಲೂ ಕಾಣಲಿಲ್ಲ. ಕಂಡದ್ದು ನೆಲದ ಚಪ್ಪಡಿಗಳ ಮೇಲೆ ಐರಿಷ್ ಹೆಸರುಗಳು! ಇಂಗ್ಲಿಷರಿಗೆ ಸೋತು 1607ರಲ್ಲಿ ಹಡಗು ಹತ್ತಿ ದೇಶ ಬಿಟ್ಟ ಅಲ್ಸ್ಟರ್ ಸೀಮೆಯ ದೊರೆಗಳು, ಹ್ಯೂ ಓನೀಲ್ ಮತ್ತು ರೋರಿ ಓಡೊನೆಲ್. ಪೋಪರ ಆಶ್ರಯದಲ್ಲಿ ದಿನ ದೂಡಿ, ಮರಳಿ ಹೋಗುವ ಆಸೆಯಲ್ಲೇ ಇಲ್ಲಿ ಮಣ್ಣಾದವರು. ಡಬ್ಲಿನ್ನಿನ ಮೊದಲ ತೆರೆಯ ಮೇಲೆ ಮೂಡಿದ ರೋಮಿನ ಹುಡುಗಿಯೂ ರೋಮಿನಲ್ಲಿ ಸತ್ತ ಐರಿಷ್ ದೊರೆಗಳೂ ಒಂದೇ ಚಾವಣಿಯ ಕೆಳಗೆ. ಕಾದಂಬರಿಯಲ್ಲಿ ಬರೆದರೆ ವಿಮರ್ಶಕರು ಉಗಿಯುತ್ತಾರೆ.

ಅಂದಹಾಗೆ ಜಾಯ್ಸ್ ಕೂಡ 1906ರಲ್ಲಿ ಕೆಲವು ತಿಂಗಳು ರೋಮಿನ ಬ್ಯಾಂಕೊಂದರಲ್ಲಿ ಗುಮಾಸ್ತನಾಗಿದ್ದ. ಊರು ಅವನಿಗೆ ಒಗ್ಗಲಿಲ್ಲ. ಆದರೆ ‘ದಿ ಡೆಡ್’ ಕತೆ ಅವನ ತಲೆಯಲ್ಲಿ ಮೊಳೆತದ್ದು ಇಲ್ಲೇ ಅನ್ನುತ್ತಾರೆ. ಜಾನ್ ಹ್ಯೂಸ್ಟನ್ 1987ರಲ್ಲಿ ಅದನ್ನು ತನ್ನ ಕೊನೆಯ ಚಿತ್ರವಾಗಿ ಮಾಡಿದ.

ಸರಿ, ಸಭಾಂಗಣಕ್ಕೆ ಬರೋಣ. ಅಲ್ಲಿ ನನ್ನ ಪಾಡು ವಿಚಿತ್ರ. ಇಂಗ್ಲಿಷ್ ಬಲ್ಲೆ ಎಂಬ ಧೈರ್ಯದಲ್ಲಿ ಕೂತರೆ, ಕಾರ್ಕ್ ಕಡೆಯ ಪಾತ್ರ ಬಾಯಿ ತೆರೆದ ಕೂಡಲೇ ಆ ಧೈರ್ಯ ಕರಗುತ್ತಿತ್ತು. ಮಾತು ಮೂಗಿನಲ್ಲಿ ಹುಟ್ಟಿ, ಕೊನೆಯಲ್ಲಿ ಮೇಲಕ್ಕೆ ಹಾರಿ, ಅರ್ಧ ಬಾಯಲ್ಲೇ ಉಳಿಯುವ ಇಂಗ್ಲಿಷ್. ಕೊನೆಗೆ ಇಂಗ್ಲಿಷ್ ತಿಳಿಯಲು ನಾನು ಇಟಾಲಿಯನ್ ಅಡಿಬರಹ ಓದಬೇಕು! ರೋಮಿನವರದು ಇನ್ನೊಂದು ತಮಾಷೆ. ಅಡಿಬರಹ ಮಾತಿಗಿಂತ ಒಂದು ಗಳಿಗೆ ಮೊದಲೇ ಬರುವುದರಿಂದ ಅವರು ಮೊದಲು ನಗುತ್ತಿದ್ದರು. ಸಭೆಯಲ್ಲಿದ್ದ ನಾಲ್ಕಾರು ಐರಿಷರು ನಟ ಮಾತು ಮುಗಿಸಿದ ಮೇಲೆ. ನಾನು ಎರಡೂ ಸಲ ನಗುತ್ತಿದ್ದೆ, ಯಾವುದಕ್ಕೂ ಇರಲಿ ಎಂದು.

ಐರಿಷ್ ಸಿನಿಮಾ ಹೀಗೆ ಹಬ್ಬ ಮಾಡುವಷ್ಟು ಬೆಳೆದದ್ದು ಈಚೆಗೆ. ಮೊದಲು ಐರ್ಲೆಂಡಿನ ಹಸಿರು ಗುಡ್ಡಗಳ ನಡುವೆ ಹಾಲಿವುಡ್‌ನವರು ಬಂದು ಶೂಟಿಂಗ್ ಮುಗಿಸಿ ಹೋಗುತ್ತಿದ್ದರು. ‘ದಿ ಕ್ವಯಟ್ ಮ್ಯಾನ್’ ಹಾಗೆ 1952ರಲ್ಲಿ ಬಂದದ್ದು. ಸರ್ಕಾರ 1980ರಲ್ಲಿ ಚಲನಚಿತ್ರ ಮಂಡಳಿ ಮಾಡಿತು, ದುಡ್ಡಿಲ್ಲವೆಂದು 1987ರಲ್ಲಿ ಮುಚ್ಚಿತು. 1993ರಲ್ಲಿ ಮತ್ತೆ ತೆರೆಸಿದವರು ಆಗ ಸಂಸ್ಕೃತಿ ಮಂತ್ರಿಯಾಗಿದ್ದ ಕವಿ ಮೈಕೆಲ್ ಡಿ. ಹಿಗ್ಗಿನ್ಸ್, ಆಮೇಲೆ ರಾಷ್ಟ್ರಾಧ್ಯಕ್ಷರೂ ಆದರು. ಕವಿಯನ್ನು ಮಂತ್ರಿ ಮಾಡಿದರೆ ಇಂಥ ಒಂದೆರಡು ಲಾಭಗಳು ಉಂಟು.

ಐರಿಷ್ ಹಬ್ಬಗಳ ಹಳೆಯ ಗಿರಾಕಿಗಳಿಗೆಲ್ಲ ಗೊತ್ತಿರುವ 2003ರ ಒಂದು ಕಿರುಚಿತ್ರವಿದೆ, ‘ಯು ಮಿಂಗ್ ಇಸ್ ಆನ್ಯಮ್ ದಮ್’. ಚೀನಾದ ಒಬ್ಬ ಹುಡುಗ ಗೋಳ ತಿರುಗಿಸಿ ಬೆರಳಿಟ್ಟಾಗ ಐರ್ಲೆಂಡ್ ಸಿಗುತ್ತದೆ. ಅಲ್ಲಿನ ಅಧಿಕೃತ ಭಾಷೆ ಐರಿಷ್ ಎಂದು ಓದಿ, ಶ್ರದ್ಧೆಯಿಂದ ಕಲಿತು, ಡಬ್ಲಿನ್ನಿಗೆ ಬಂದಿಳಿಯುತ್ತಾನೆ. ಬೋರ್ಡುಗಳೇನೋ ಐರಿಷ್‌ನಲ್ಲಿವೆ, ಮಾತಾಡಿದರೆ ಯಾರಿಗೂ ತಿಳಿಯುವುದಿಲ್ಲ, ಚೀನೀ ಭಾಷೆ ಇರಬೇಕು ಅಂದುಕೊಳ್ಳುತ್ತಾರೆ. ಪಬ್ಬಿನ ಮೂಲೆಯ ಮುದುಕನೊಬ್ಬ ಮಾತ್ರ ಅವನ ಜೊತೆ ಸರಾಗ ಮಾತಿಗಿಳಿಯುತ್ತಾನೆ. ಗಲ್ಲಾದ ಹಿಂದಿನವನಿಗೆ ಆಶ್ಚರ್ಯ: ಈ ಮುದುಕನಿಗೆ ಚೀನೀ ಬರುತ್ತದೆಂದು ಗೊತ್ತೇ ಇರಲಿಲ್ಲವಲ್ಲ! ಬೆಂಗಳೂರಿನವನಾದ ನಾನು ಇದಕ್ಕೆ ನಕ್ಕ ನಗೆ ಬೇರೆಯವರಿಗಿಂತ ತುಸು ಹುಳಿಯಾಗಿತ್ತು. ಆದರೆ ಆ ಮುದುಕನ ಭಾಷೆ ಈಗ ತೆರೆಯ ಮೇಲೆ ತಲೆಯೆತ್ತಿದೆ. 2017ರಲ್ಲಿ ಐರಿಷ್ ವಾಹಿನಿ ಟಿಜಿ4 ಮತ್ತು ಚಲನಚಿತ್ರ ಮಂಡಳಿ ಸೇರಿ ಐರಿಷ್ ಭಾಷೆಯ ಕಥಾಚಿತ್ರಗಳಿಗೆ ದುಡ್ಡು ಕೊಡುವ ಯೋಜನೆ ತಂದವು. ಅದರಲ್ಲಿ ಹುಟ್ಟಿದ, ಕೋಲಂ ಬರೇಡ್ ನಿರ್ದೇಶನದ ‘ಅನ್ ಕಲೀನ್ ಕ್ಯೂನ್’ 2023ರಲ್ಲಿ ಆಸ್ಕರ್ ನಾಮನಿರ್ದೇಶನದವರೆಗೂ ಹೋಯಿತು. ಮಕ್ಕಳು ಹೆಚ್ಚಾದ ಮನೆಯಿಂದ ಬೇಸಿಗೆಗೆಂದು ನೆಂಟರ ಮನೆಗೆ ಬಂದ ಮಾತಿಲ್ಲದ ಹುಡುಗಿ. ಆ ಮನೆಯ ಯಜಮಾನ ಅವಳನ್ನು ಒಂದು ಮಾತೂ ಆಡಿಸದೆ ಮೇಜಿನ ಮೇಲೆ ಒಂದು ಬಿಸ್ಕತ್ತು ಇಟ್ಟು ಹೋಗುತ್ತಾನೆ. ಅಷ್ಟೆ. ಆ ಬಿಸ್ಕತ್ತನ್ನು ದಾಟಿ ನನ್ನ ಕಣ್ಣಿಗೆ ಕೆಲ ಹೊತ್ತು ಬೇರೇನೂ ಕಾಣಲಿಲ್ಲ.

ಐರಿಷ್ ಚಿತ್ರಗಳಲ್ಲಿ ಚರ್ಚು ಪದೇ ಪದೇ ಬರುತ್ತದೆ, ಹೆಚ್ಚಿನ ಸಲ ಕಟಕಟೆಯಲ್ಲಿ ನಿಲ್ಲಲು. ಇದನ್ನು ಪೋಪರ ಊರಿನಲ್ಲಿ ಕೂತು ನೋಡುವುದೇ ಒಂದು ಅನುಭವ. ಸಭಾಂಗಣದಿಂದ ಸ್ವಲ್ಪವೇ ದೂರದಲ್ಲಿ ಐರಿಷ್ ಫ್ರಾನ್ಸಿಸ್ಕನ್ನರ ಸಂತ ಇಸಿದೋರೊ ಮಠ, 1625ರದು. ಕುತ್ತಿಗೆಯಲ್ಲಿ ಬಿಳಿ ಪಟ್ಟಿಯಿದ್ದವರು ಒಂದಿಬ್ಬರು ನನ್ನ ಸಾಲಿನಲ್ಲೇ ಕೂತಿದ್ದರು. ಚಿತ್ರ ಮುಗಿದ ಮೇಲೆ ಅವರೂ ಚಪ್ಪಾಳೆ ತಟ್ಟಿದರು.

ಒಂದು ಸಂಜೆ ಹೊರಗಿನ ಮೇಜಿನಲ್ಲಿ ವಯಸ್ಸಾದ ಐರಿಷ್ ಹೆಂಗಸೊಬ್ಬರು ಯಾವ ಕಡೆಯವರೆಂದು ಕೇಳಿದರು. ಕರ್ನಾಟಕ ಅಂದರೆ ಪರದೇಶದಲ್ಲಿ ಯಾರಿಗೂ ಗೊತ್ತಾಗುವುದಿಲ್ಲವೆಂದು ಬೆಂಗಳೂರು ಅನ್ನುವುದು ನನ್ನ ರೂಢಿ. ಅಂದು ಯಾಕೋ ಕರ್ನಾಟಕ ಅಂದೆ. ಅವರು ಕಪ್ಪು ಕೆಳಗಿಟ್ಟು, “ಸವಿತಾ ಅವರ ಕಡೆಯವರು” ಅಂದರು. ಬೆಳಗಾವಿಯ ದಂತವೈದ್ಯೆ ಸವಿತಾ ಹಾಲಪ್ಪನವರ್ 2012ರ ಅಕ್ಟೋಬರ್ 28ರಂದು ಐರ್ಲೆಂಡಿನ ಗಾಲ್ವೆಯಲ್ಲಿ, ಕೇಳಿದರೂ ಗರ್ಭಪಾತ ಸಿಗದೆ, ನಂಜೇರಿ ತೀರಿಕೊಂಡರು. ವಯಸ್ಸು 31. ಆ ಸಾವು ಇಡೀ ದೇಶವನ್ನು ಬೀದಿಗಿಳಿಸಿತು. 2018ರ ಮೇ 25ರ ಜನಮತದಲ್ಲಿ ಶೇ. 66.4ರಷ್ಟು ಮಂದಿ ಗರ್ಭಪಾತಕ್ಕೆ ಅಡ್ಡ ನಿಂತಿದ್ದ, ಸಂವಿಧಾನದ ಎಂಟನೆಯ ತಿದ್ದುಪಡಿಯನ್ನು ಕಿತ್ತುಹಾಕಿದರು. ‘ದಿ ಏಯ್ತ್’ ಎಂಬ ಸಾಕ್ಷ್ಯಚಿತ್ರವೂ ಬಂತು. ನನ್ನೆದುರು ಕೂತಿದ್ದ ಆ ಹೆಂಗಸು ಅಂದು ವೋಟು ಹಾಕಲೆಂದೇ ವಿಮಾನ ಹತ್ತಿ ಊರಿಗೆ ಹೋಗಿದ್ದರಂತೆ. ನಮ್ಮ ನಾಡು ಆ ದೇಶದ ಮನೆಮನೆಗೆ ಗೊತ್ತಾದದ್ದು ಹೀಗೆ. ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನೆ ಕೂತೆವು. ಆಮೇಲೆ ಆಕೆಯೇ ಎದ್ದು, ಕಿರುಚಿತ್ರಗಳ ಸ್ಪರ್ಧೆ ಶುರುವಾಯಿತು, ಬನ್ನಿ ಅಂದರು.

ಹಬ್ಬದ ಕಾಯಂ ಗಿರಾಕಿಗಳಲ್ಲಿ ನಿವೃತ್ತ ಇಟಾಲಿಯನ್ ಟೀಚರೊಬ್ಬರಿದ್ದರು. ಐರ್ಲೆಂಡಿಗೆ ಹೋದವರಲ್ಲ, ಹೋಗುವ ಆಸೆಯೂ ಇಲ್ಲ: ತೆರೆಯ ಮೇಲೆ ಅಷ್ಟು ಮಳೆ ನೋಡಿದ್ದೇನೆ, ಸಾಕು ಅನ್ನುತ್ತಿದ್ದರು. ಚಿತ್ರದಲ್ಲಿ ಐರಿಷ್ ನಟ ಬ್ರೆಂಡನ್ ಗ್ಲೀಸನ್ ಇದ್ದರೆ ಮೊದಲ ಸಾಲು. ಇಂಥವರಿಗೇ ಒಂದು ಸಿನಿಮಾ ತನ್ನ ಊರು ದಾಟಿ ಬರಬೇಕಾದದ್ದು ಎಂದು ನನಗನ್ನಿಸುತ್ತಿತ್ತು. ನಮ್ಮ ಚಿತ್ರಗಳೂ ಪರದೇಶಕ್ಕೆ ಬರುತ್ತವೆ. ವಾರಾಂತ್ಯದಲ್ಲಿ ಸಂಘದವರು ತೆರೆ ಬಾಡಿಗೆಗೆ ಹಿಡಿಯುತ್ತಾರೆ, ನಮ್ಮವರು ನಮ್ಮವರನ್ನು ಕರೆಯುತ್ತಾರೆ, ಶಿಳ್ಳೆ ಹಾಕಿ ಮನೆಗೆ ಹೋಗುತ್ತೇವೆ. ಪಕ್ಕದ ಮನೆಯ ಬಿಳಿಯನಿಗೆ ಸುದ್ದಿಯೇ ಇಲ್ಲ.

ಹಾಗೆಂದು ಹಟ ತೊಟ್ಟು, ನಮ್ಮವರು ಕೆಲವರು ಸೇರಿ ಹಾಕಿಸಿದ ಒಂದು ಕನ್ನಡ ಸಿನಿಮಾಕ್ಕೆ ಈ ಟೀಚರನ್ನು ಕರೆದುಕೊಂಡು ಹೋದೆ. ಅಡಿಬರಹ ಇರಲಿಲ್ಲ. ನಾನು ನನ್ನ ತರಕಾರಿ ಇಟಾಲಿಯನ್ನಿನಲ್ಲಿ ಕಿವಿಯಲ್ಲಿ ಪಿಸುಗುಟ್ಟುತ್ತಾ ಹೋದರೆ ಹಿಂದಿನ ಸಾಲಿನವರು ಶ್‌ ಅಂದರು. ಮಧ್ಯಂತರದಲ್ಲಿ ಉಪ್ಪಿಟ್ಟು, ಮೈಸೂರುಪಾಕು. ಚಿತ್ರ ಮುಗಿದು ಹೊರಗೆ ಬಂದಾಗ ಆಕೆ, ಮುಂದಿನದು ಯಾವಾಗ ಎಂದು ಕೇಳಿದರು. ಸಿನಿಮಾವೋ ಉಪ್ಪಿಟ್ಟೋ ಎಂದು ನಾನು ಕೆದಕಲು ಹೋಗಲಿಲ್ಲ. ಸಂಘದವರ ಫೋನ್ ನಂಬರ್ ಬರೆದುಕೊಟ್ಟೆ.